ಹುಯ್ಯಲು ಯಾರದು, ಹೆಸರು ಯಾರದು?

ಅರಸೀಕೆರೆ ಕಡೆ ನಮ್ಮ ನೆಂಟರ ಊರಿನ ಕೆರೆ ಏರಿ ಮೇಲೆ ಒಂದು ವೀರಗಲ್ಲು ಇದೆ. ಅರ್ಧ ಮಣ್ಣಲ್ಲಿ ಹೂತುಹೋಗಿದೆ. ಮೇಕೆ ಮೇಯಿಸುವವರು ಅದಕ್ಕೆ ಬೆನ್ನು ಕೊಟ್ಟು ಕೂರುತ್ತಾರೆ. ಕಲ್ಲಿನಲ್ಲಿ ಮೂರು ಅಂತಸ್ತು. ಕೆಳಗೆ ಕಾಳಗ: ಬಿಲ್ಲು ಹಿಡಿದವನು, ಕತ್ತಿ ಎತ್ತಿದವನು, ಕಾಲಡಿ ಬಿದ್ದವನು. ನಡುವೆ ಸತ್ತ ವೀರನನ್ನು ಅಪ್ಸರೆಯರು ಎರಡೂ ಕಡೆಯಿಂದ ಹಿಡಿದು ಮೇಲಕ್ಕೆ ಒಯ್ಯುತ್ತಿದ್ದಾರೆ. ಮೇಲೆ ಕೈಲಾಸ, ಲಿಂಗ, ಸೂರ್ಯ, ಚಂದ್ರ. ಹಾಸನ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಇಂಥ ಕಲ್ಲು ಇಲ್ಲದ ಹೋಬಳಿ ಸಿಗುವುದೇ ಕಷ್ಟ.

ಅಕ್ಷರ ಇರುವ ಕಲ್ಲುಗಳಲ್ಲಿ ವೀರ ಯಾಕೆ ಸತ್ತ ಅಂತಲೂ ಬರೆದಿರುತ್ತಾರೆ. ತುರುಗೊಳ್ ಅಂದರೆ ದನ ಹೊಡೆದುಕೊಂಡು ಹೋಗುವುದು. ಊರಳಿವು ಅಂದರೆ ಊರನ್ನೇ ಹಾಳು ಮಾಡುವುದು. ಇನ್ನೊಂದು ಪದ ಇದೆ, ಪೆಣ್ಬುಯ್ಯಲ್. ಪೆಣ್ ಅಂದರೆ ಹೆಣ್ಣು, ಪುಯ್ಯಲ್ ಅಂದರೆ ಹುಯ್ಯಲು. ದಾಳಿಗೆ ಬಂದವರು ಹೆಂಗಸರ ಮೇಲೆ ಕೈಹಾಕಿದಾಗ ಎದ್ದ ಗೋಳು ಅದು. ಆ ಕೂಗು ಕೇಳಿ ಓಡಿ ಬಂದು, ಹೊಡೆದಾಡಿ ಸತ್ತವನಿಗೆ ಊರವರು ಕಲ್ಲು ನಿಲ್ಲಿಸಿದರು. ಅವನ ಹೆಸರು, ಅಪ್ಪನ ಹೆಸರು, ಆಗ ಆಳುತ್ತಿದ್ದ ದೊರೆಯ ಹೆಸರು ಬರೆಸಿದರು. ಕೂಗಿದವಳ ಹೆಸರು ಸಿಗುವುದು ಅಪರೂಪ. ಅವಳು ಬದುಕಿದಳಾ, ಮನೆಗೆ ಬಂದಳಾ, ಬಂದಮೇಲೆ ಒಳಗೆ ಸೇರಿಸಿಕೊಂಡರಾ, ಕಲ್ಲು ಹೇಳುವುದಿಲ್ಲ. ನೆಂಟರ ಊರಿನ ಕಲ್ಲಿನಲ್ಲಿ ಹೆಂಗಸರು ಅಂತ ಇರುವವರು ಆ ಅಪ್ಸರೆಯರು ಮಾತ್ರ.

ಪ್ರತಿವರ್ಷ ಆಗಸ್ಟ್ 14 ಬಂದಾಗ ನನಗೆ ಆ ಕಲ್ಲು ನೆನಪಾಗುತ್ತದೆ. ನಮ್ಮಲ್ಲಿ ಅವತ್ತು ಶಾಲೆ ಮಕ್ಕಳು ಮರುದಿನದ ಪರೇಡಿಗೆ ತಯಾರಾಗುತ್ತಿರುತ್ತಾರೆ. ಕೊರಿಯಾ, ತೈವಾನ್, ಫಿಲಿಪ್ಪೀನ್ಸ್ ಕಡೆ ಅದು ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಜಪಾನ್ ಸೇನೆಯ ಲೈಂಗಿಕ ಗುಲಾಮರಾದ ಹೆಂಗಸರನ್ನು ನೆನೆಯುವ ದಿನ. 2021ರಿಂದ ನಮ್ಮ ದೇಶದಲ್ಲೂ ಆ ದಿನಕ್ಕೆ ದೇಶ ವಿಭಜನೆಯ ಕರಾಳ ನೆನಪಿನ ದಿನ ಅಂತ ಹೆಸರು ಬಂದಿದೆ. ಎರಡೂ ದಿನ ಒಂದೇ ತಾರೀಕಿಗೆ ಬಿದ್ದದ್ದು ಕಾಕತಾಳೀಯ. ಆದರೆ ಎರಡರ ಒಳಗೂ ನಮ್ಮ ವೀರಗಲ್ಲಿನ ಕಥೆಯೇ ಇದೆ. ಬಿಡಿಸಿದವರ ಲೆಕ್ಕ ಪಕ್ಕಾ ಇರುತ್ತದೆ. ಬಿಡುಗಡೆಯಾದವಳನ್ನು ಆಮೇಲೆ ಯಾರೂ ಕೇಳುವುದಿಲ್ಲ. ಇವತ್ತು ಮಾನವ ಕಳ್ಳಸಾಗಣೆ ವಿರುದ್ಧ ನಾವು ಸೋಲುತ್ತಿರುವುದೂ ಇದೇ ಜಾಗದಲ್ಲಿ ಅನ್ನುವುದು ನನ್ನ ಅನಿಸಿಕೆ.

1991ರ ಆಗಸ್ಟ್ 14ರಂದು ಸೋಲ್ ನಗರದಲ್ಲಿ ಕಿಮ್ ಹಾಕ್-ಸೂನ್ ಎಂಬ 66 ವರ್ಷದ ಅಜ್ಜಿ ಪತ್ರಕರ್ತರ ಮುಂದೆ ಕೂತರು. ಹದಿನೇಳನೇ ವಯಸ್ಸಿನಲ್ಲಿ ಜಪಾನ್ ಸೇನೆಯವರು ತಮ್ಮನ್ನು ಒಯ್ದು ಸೈನಿಕರ ಕೇಂದ್ರದಲ್ಲಿ ಇಟ್ಟರು ಎಂದು ಹೆಸರು ಹೇಳಿ, ಮುಖ ತೋರಿಸಿ ಹೇಳಿದರು. ದಕ್ಷಿಣ ಕೊರಿಯಾದಲ್ಲಿ ಹೀಗೆ ಬಹಿರಂಗವಾಗಿ ಹೇಳಿದವರಲ್ಲಿ ಅವರೇ ಮೊದಲಿಗರು. ಯುದ್ಧ ಮುಗಿದು ಆಗಲೇ 46 ವರ್ಷ ಆಗಿತ್ತು. ಗಂಡ ಇರಲಿಲ್ಲ, ಮಕ್ಕಳು ಉಳಿದಿರಲಿಲ್ಲ. ನಾಚಿಕೆ ಪಡಬೇಕಾದ ನೆಂಟರೆಲ್ಲ ಸತ್ತಮೇಲೆ ಬಾಯಿ ಬಿಡಲು ಆಯಿತು ಅಂದರೆ ಆ ನಾಚಿಕೆಯನ್ನು ಅವರ ಮೇಲೆ ಹೊರಿಸಿದ್ದು ಯಾರು? ಅವರಾದಮೇಲೆ ಒಬ್ಬೊಬ್ಬರೇ ಬಂದರು. ದಕ್ಷಿಣ ಕೊರಿಯಾ ಸರ್ಕಾರದ ಪಟ್ಟಿಯಲ್ಲಿ 240 ಜನ ಹೆಸರು ಬರೆಸಿದರು. ಫಿಲಿಪ್ಪೀನ್ಸಿನಿಂದ ಮರಿಯಾ ರೋಸಾ ಹೆನ್ಸನ್, ಆಸ್ಟ್ರೇಲಿಯಾದಿಂದ ಡಚ್ ಮೂಲದ ಯಾನ್ ರಫ್-ಓಹರ್ನ್, ಇಬ್ಬರೂ 1992ರಲ್ಲಿ ಮಾತಾಡಿದರು.

ಒಟ್ಟು ಎಷ್ಟು ಹೆಂಗಸರು ಅನ್ನುವುದಕ್ಕೆ ಒಂದೇ ಲೆಕ್ಕ ಇಲ್ಲ. 20 ಸಾವಿರದಿಂದ 2 ಲಕ್ಷದವರೆಗೆ, ಅದಕ್ಕೂ ಮೇಲೆ, ಇತಿಹಾಸಕಾರರ ಅಂದಾಜು ಹರಡಿದೆ. ಕೊರಿಯಾ, ಚೀನಾ, ತೈವಾನ್, ಇಂಡೋನೇಷ್ಯಾ, ಬರ್ಮಾ, ಜಪಾನ್ ಸೇನೆ ಕಾಲಿಟ್ಟ ಕಡೆಯೆಲ್ಲ ಇಂಥ ಕೇಂದ್ರಗಳು ಇದ್ದವು. 1942ರಿಂದ 1945ರವರೆಗೆ ಜಪಾನ್ ವಶದಲ್ಲಿದ್ದ ನಮ್ಮ ಅಂಡಮಾನಿನಲ್ಲೂ ಇತ್ತು. ಕಾಲಾಪಾನಿ ಕಥೆ ಬಾಯಿಪಾಠ ಬರುವ ನಮಗೆ ಇದನ್ನು ಯಾರೂ ಹೇಳಿಕೊಡಲಿಲ್ಲ.

ಆ ಹೆಂಗಸರಿಗೆ ಜಪಾನೀ ಕಡತಗಳು ಇಟ್ಟ ಹೆಸರು ‘ಇಯಾನ್‌ಫು’. ಇಂಗ್ಲಿಷಿನಲ್ಲಿ ಕಂಫರ್ಟ್ ವಿಮೆನ್ ಆಯಿತು. ಕನ್ನಡಕ್ಕೆ ಪದಕ್ಕೆ ಪದ ತಂದರೆ ‘ಸಾಂತ್ವನದ ಹೆಂಗಸರು’ ಆಗುತ್ತದೆ. ನಮ್ಮ ಕಡೆ ಸಾಂತ್ವನ ಅಂದರೆ ಗಂಡನ ಹೊಡೆತ ತಿಂದವಳು ಹೋಗಿ ದೂರು ಹೇಳಿಕೊಳ್ಳುವ ಸರ್ಕಾರಿ ಕೇಂದ್ರದ ಹೆಸರು. ನೊಂದವಳಿಗೆ ಸಿಗಬೇಕಾದ ಪದವನ್ನು ನೋಯಿಸಿದವರ ಕಡೆಗೆ ತಿರುಗಿಸಿಟ್ಟಿದ್ದಾರೆ. ಅದಕ್ಕೇ ನಾನು ಆ ಪದ ಬಳಸುವುದಿಲ್ಲ.

ಈ ಇತಿಹಾಸದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು 1944ರ ಒಂದು ಅಮೆರಿಕನ್ ಸೇನಾ ವರದಿ. ಬರ್ಮಾದ ಮಿಚಿನಾ ಊರು ಮಿತ್ರಪಡೆಗಳ ಕೈಗೆ ಬಂದಾಗ 20 ಕೊರಿಯನ್ ಹೆಂಗಸರು ಸಿಕ್ಕಿದರು. ಅವರ ವಿಚಾರಣೆ ಮಾಡಿ ಬರೆದ ವರದಿ ಅದು. ಅವರನ್ನು 1942ರಲ್ಲಿ ಕರೆತಂದದ್ದು ದಲ್ಲಾಳಿಗಳು. ಆಸ್ಪತ್ರೆಯಲ್ಲಿ ಗಾಯಾಳುಗಳನ್ನು ನೋಡಿಕೊಳ್ಳುವುದು, ಬ್ಯಾಂಡೇಜ್ ಸುತ್ತುವುದು, ಇಂಥ ಹಗುರ ಕೆಲಸ ಅಂದಿದ್ದರು. ಸಿಂಗಾಪುರದಲ್ಲಿ ಹೊಸ ಬದುಕು, ಮನೆಯ ಸಾಲ ತೀರುತ್ತದೆ ಅಂದಿದ್ದರು. ಕೈಗೆ ಕೆಲವು ನೂರು ಯೆನ್ ಮುಂಗಡ ಕೊಟ್ಟರು. ಆ ಮುಂಗಡಕ್ಕೆ ತಕ್ಕಂತೆ ಆರು ತಿಂಗಳಿಂದ ಒಂದು ವರ್ಷದ ಕರಾರು. ಹಡಗು ಹತ್ತಿಸಿ ರಂಗೂನಿಗೆ ಇಳಿಸಿದಮೇಲೆ ಕೆಲಸ ಏನು ಅಂತ ಗೊತ್ತಾಯಿತು.

ಹಗುರ ಕೆಲಸ, ದೂರದ ಊರು, ಮನೆಯ ಸಾಲ, ಕೈಗೆ ಮುಂಗಡ. ಮಲೆನಾಡಿನ ಯಾವ ಕಾಫಿ ತೋಟದ ಕೂಲಿಗಳ ಲೈನ್ ಮನೆಯಲ್ಲಿ ಬೇಕಾದರೂ ಈ ನಾಲ್ಕು ಮಾತು ಹೇಳಿ ನೋಡಿ. ಎಲ್ಲಿ ಕೇಳಿದ್ದು ಅಂತ ಅವರೇ ಹೇಳುತ್ತಾರೆ.

ಅದೇ ವರದಿ ಆ ಹೆಂಗಸರನ್ನು ವಿದ್ಯೆ ಇಲ್ಲದವರು, ಮಕ್ಕಳ ಬುದ್ಧಿಯವರು, ಸ್ವಾರ್ಥಿಗಳು ಎಂದು ಷರಾ ಬರೆಯಿತು. ಮೋಸ ಮಾಡಿ ಕರೆತಂದರು ಅಂತ ಬರೆದ ಕೈಯೇ ಸೇನೆಯ ಹಿಂದೆ ಸುತ್ತುವ ವೇಶ್ಯೆಯರು ಅಂತಲೂ ಬರೆಯಿತು. ಇದು ಹಿಡಿದಿಟ್ಟವರ ಮಾತಲ್ಲ, ಬಿಡಿಸಿದ ಕಡೆಯವರ ಮಾತು. ಆ 20 ಜನರಲ್ಲಿ ಯಾರಾದರೂ ತಾವೇ ಬರೆದಿದ್ದರೆ ಆ ಕಡತ ಹೇಗಿರುತ್ತಿತ್ತು?

ಜಪಾನ್ ಸರ್ಕಾರದ ಮೊದಲ ಉತ್ತರ ಇನ್ನೂ ಕುತೂಹಲದ್ದು. 1990ರಲ್ಲಿ ಸಂಸತ್ತಿನಲ್ಲಿ ಪ್ರಶ್ನೆ ಎದ್ದಾಗ, ಇದೆಲ್ಲ ಖಾಸಗಿ ದಲ್ಲಾಳಿಗಳ ಕೆಲಸ, ನಮಗೆ ಸಂಬಂಧ ಇಲ್ಲ ಅನ್ನುವ ಧಾಟಿಯಲ್ಲಿ ಹೇಳಿತು. ಇತಿಹಾಸಕಾರ ಯೋಶಿಮಿ ಯೋಶಿಯಾಕಿ ರಕ್ಷಣಾ ಇಲಾಖೆಯ ಗ್ರಂಥಾಲಯದಲ್ಲೇ ಸೇನೆಯ ಕಾಗದಗಳನ್ನು ಹುಡುಕಿ ತೆಗೆದರು. 1992ರ ಜನವರಿಯಲ್ಲಿ ಅವು ಪತ್ರಿಕೆಯಲ್ಲಿ ಬಂದವು. 1993ರ ಆಗಸ್ಟ್ 4ರಂದು ಮುಖ್ಯ ಸಂಪುಟ ಕಾರ್ಯದರ್ಶಿ ಯೋಹೆ ಕೋನೊ ಸೇನೆಯ ಪಾತ್ರವನ್ನು ಒಪ್ಪಿಕೊಂಡು ಕ್ಷಮೆ ಕೇಳಿದರು. ಆಮೇಲಿನ ಜಗಳ, ಪರಿಹಾರ ನಿಧಿ, 2015ರ ಎರಡು ದೇಶಗಳ ಒಪ್ಪಂದ, ಅದನ್ನು ಬದುಕುಳಿದ ಹಲವರು ಒಪ್ಪದೆ ಹೋದದ್ದು, ಅದು ದೊಡ್ಡ ಕಥೆ. ಒಂದು ಮಾತು ಮಾತ್ರ ಹಿಡಿದುಕೊಳ್ಳೋಣ: ‘ದಲ್ಲಾಳಿ ಕರೆತಂದ, ನಮಗೆ ಗೊತ್ತಿಲ್ಲ.’ ಇದನ್ನು ಮುಂದೆ ಇನ್ನೊಬ್ಬರ ಬಾಯಲ್ಲಿ ಕೇಳುತ್ತೀರಿ.

ಈಗ ನಮ್ಮ ಕಡೆಯ ಆಗಸ್ಟ್ 14. ವಿಭಜನೆಯ ಹೊತ್ತಿನಲ್ಲಿ ಗಡಿಯ ಎರಡೂ ಕಡೆ ಹತ್ತಾರು ಸಾವಿರ ಹೆಂಗಸರನ್ನು ಎತ್ತಿಕೊಂಡು ಹೋದರು. ಎರಡೂ ಸರ್ಕಾರಗಳು ಅವರನ್ನು ವಾಪಸ್ ತರಿಸಲು 1947ರ ಡಿಸೆಂಬರ್‌ನಲ್ಲಿ ಒಪ್ಪಂದ ಮಾಡಿಕೊಂಡವು. 1949ರಲ್ಲಿ, ಆಗ ಸಂಸತ್ತಿನ ಕೆಲಸವನ್ನೂ ಮಾಡುತ್ತಿದ್ದ ನಮ್ಮ ಸಂವಿಧಾನ ಸಭೆ ಅದಕ್ಕೊಂದು ಕಾನೂನು ಮಾಡಿತು. ಉದ್ದೇಶ ಒಳ್ಳೆಯದೇ. ಆದರೆ ಅದರ ವ್ಯಾಖ್ಯೆ ಓದಿ ನಾನು ಸ್ವಲ್ಪ ಹೊತ್ತು ಸುಮ್ನೆ ಕೂತೆ. ‘ಅಪಹೃತ ವ್ಯಕ್ತಿ’ ಅಂದರೆ 16 ವರ್ಷದೊಳಗಿನ ಮುಸ್ಲಿಂ ಹುಡುಗ, ಅಥವಾ ಯಾವ ವಯಸ್ಸಿನ ಮುಸ್ಲಿಂ ಹೆಣ್ಣಾದರೂ ಸರಿ. ನಲವತ್ತು ವರ್ಷದ ಹೆಂಗಸಿಗೂ ಹದಿನೈದರ ಹುಡುಗನಿಗೂ ಒಂದೇ ಲೆಕ್ಕ. ತನ್ನವರಿಂದ ಬೇರಾಗಿ ಇನ್ನೊಬ್ಬರ ಮನೆಯಲ್ಲಿ ಸಿಕ್ಕರೆ ಕರೆತರಬೇಕು. ಬರುತ್ತೀಯಾ ಅಂತ ಅವಳನ್ನು ಕೇಳಬೇಕು ಅಂತ ಕಾನೂನಿನಲ್ಲಿ ಇರಲಿಲ್ಲ. ಎಷ್ಟೋ ಜನ ನರಕದಿಂದ ಬಿಡುಗಡೆಯಾದರು, ನಿಜ. ಮಕ್ಕಳಾಗಿ, ಬದುಕು ಹೇಗೋ ಕೂಡಿಸಿಕೊಂಡಿದ್ದವರನ್ನೂ ಎಳೆದು ತಂದರು, ಅದೂ ನಿಜ. ಬಂದವರಲ್ಲಿ ಕೆಲವರನ್ನು ಮನೆಯವರು ಹೊಸಿಲು ದಾಟಿಸಲಿಲ್ಲ.

1971ರಲ್ಲಿ ಬಾಂಗ್ಲಾದೇಶ ಇನ್ನೊಂದು ದಾರಿ ಹಿಡಿಯಿತು. ಪಾಕಿಸ್ತಾನಿ ಸೇನೆಯ ಕೈಗೆ ಸಿಕ್ಕ ಹೆಂಗಸರಿಗೆ ‘ಬೀರಾಂಗನಾ’, ಅಂದರೆ ವೀರಾಂಗನೆ ಅಂತ ಬಿರುದು ಕೊಟ್ಟಿತು. ಬಿರುದು ದೊಡ್ಡದು, ಊರಲ್ಲಿ ಅದೇ ಬೈಗುಳವೂ ಆಯಿತು. ಅವರನ್ನು ಸ್ವಾತಂತ್ರ್ಯ ಹೋರಾಟಗಾರರ ಪಟ್ಟಿಗೆ ಸೇರಿಸಲು ಶುರುಮಾಡಿದ್ದು 2015ರಲ್ಲಿ. 2014ರಲ್ಲಿ ಇರಾಕಿನ ಸಿಂಜಾರ್‌ನಲ್ಲಿ ಯಜೀದಿ ಎಂಬ ಅಲ್ಪಸಂಖ್ಯಾತ ಪಂಗಡದ ಹೆಣ್ಣುಮಕ್ಕಳನ್ನು ಐಸಿಸ್ ಉಗ್ರ ಸಂಘಟನೆ ಸಂತೆಯಲ್ಲಿ ಇಟ್ಟು ಮಾರಿತು. ಅಲ್ಲಿಂದ ತಪ್ಪಿಸಿಕೊಂಡ ನಾದಿಯಾ ಮುರಾದ್‌ಗೆ 2018ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಅದಕ್ಕೆ ಎರಡು ವರ್ಷ ಮುಂಚೆ, 2016ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿ ತನ್ನ 2331ನೇ ನಿರ್ಣಯದಲ್ಲಿ ಯುದ್ಧದ ಲೈಂಗಿಕ ಹಿಂಸೆಯನ್ನೂ ಮಾನವ ಕಳ್ಳಸಾಗಣೆಯನ್ನೂ ಒಂದೇ ದಾರಕ್ಕೆ ಕಟ್ಟಿತು. ಕಾಗದದ ಮೇಲೆ ಎರಡೂ ಸೇರಿದ್ದು ಆಗ. ಮಿಚಿನಾದ ಹೆಂಗಸರನ್ನು ಕೇಳಿದ್ದರೆ 1944ರಲ್ಲೇ ಹೇಳುತ್ತಿದ್ದರು.

ಯುದ್ಧ ನಮ್ಮ ಜಿಲ್ಲೆಯಲ್ಲಿ ಇಲ್ಲ. ಮುಂಗಡ ಇದೆ.

2018ರ ಡಿಸೆಂಬರ್‌ನಲ್ಲಿ ಅರಸೀಕೆರೆ ತಾಲೂಕಿನ ಒಂದು ಶೆಡ್‌ನಿಂದ ಪೊಲೀಸರು 52 ಜನರನ್ನು ಬಿಡಿಸಿದರು. ಹೆಂಗಸರು, ಮಕ್ಕಳು ಕೂಡ ಇದ್ದರು. ರಾಜ್ಯದ ಬೇರೆ ಜಿಲ್ಲೆಗಳವರು, ಆಂಧ್ರ, ತೆಲಂಗಾಣದವರು. ಆಗಿನ ಪತ್ರಿಕೆಗಳ ಪ್ರಕಾರ ರೈಲ್ವೆ ಸ್ಟೇಷನ್, ಬಸ್‌ಸ್ಟ್ಯಾಂಡ್ ಹತ್ತಿರ ಕೆಲಸ ಹುಡುಕುತ್ತಿದ್ದವರನ್ನು ದಿನಕ್ಕೆ 600 ರೂಪಾಯಿ ಕೂಲಿ ಅಂತ ಆಸೆ ತೋರಿಸಿ ಕರೆದೊಯ್ದಿದ್ದರು. ಹಗಲು ತೋಟದ ಕೆಲಸ, ರಾತ್ರಿ ಶೆಡ್ಡಿಗೆ ಬೀಗ. ಕೂಲಿ ಕೈಗೆ ಬರಲಿಲ್ಲ. ಹೆಂಗಸರ ಮೇಲೆ ಲೈಂಗಿಕ ಹಿಂಸೆಯೂ ನಡೆದಿತ್ತು ಎಂದು ಬಂತು. ಒಬ್ಬ ಗೋಡೆ ಹತ್ತಿ ಹಾರಿ ಪೊಲೀಸರಿಗೆ ಸುದ್ದಿ ಮುಟ್ಟಿಸಿದ. ನಾವು ಆ ಸ್ಟೇಷನ್ನಿನಲ್ಲಿ ಎಷ್ಟು ಸಲ ಟೀ ಕುಡಿದಿಲ್ಲ! ಆಟೋದವನು ‘ಕೆಲ್ಸ ಬೇಕೇನಪ್ಪಾ’ ಅಂತ ಕೇಳುವುದು ನಮ್ಮ ಕಿವಿಗೂ ಬಿದ್ದಿರುತ್ತದೆ. ಅದರಲ್ಲಿ ಕೆಟ್ಟದ್ದು ಏನಾದರೂ ಇದೆ ಅಂತ ಯಾರಿಗೆ ಅನಿಸುತ್ತದೆ?

2022ರ ಅಕ್ಟೋಬರ್‌ನಲ್ಲಿ ಚಿಕ್ಕಮಗಳೂರು ಜಿಲ್ಲೆಯ ಒಂದು ಕಾಫಿ ತೋಟದಲ್ಲಿ ಸಾಲದ ವಿಚಾರಕ್ಕೆ ದಲಿತ ಕೂಲಿಗಳನ್ನು ಕೋಣೆಯಲ್ಲಿ ಕೂಡಿಹಾಕಿದ ಆರೋಪ ಬಂತು. ಅವರಲ್ಲಿ ಒಬ್ಬಾಕೆ ಬಸುರಿ. ತೋಟದ ಎಲ್ಲ ಮಾಲೀಕರೂ ಹೀಗೆ ಅಂದರೆ ಅನ್ಯಾಯ ಆಗುತ್ತದೆ. ಲೈನ್ ಮನೆ, ಕರೆಂಟು, ಪಿಎಫ್ ಸರಿಯಾಗಿ ಕೊಡುವ ತೋಟಗಳು ನನಗೇ ಗೊತ್ತು. ತೊಂದರೆ ಇರುವುದು ವ್ಯವಸ್ಥೆಯ ಸಂದುಗಳಲ್ಲಿ. ನವೆಂಬರ್‌ನಿಂದ ಫೆಬ್ರವರಿವರೆಗೆ ಹಣ್ಣು ಕೊಯ್ಲಿನ ಹೊತ್ತಿಗೆ ಆಳು ಸಿಗುವುದಿಲ್ಲ. ಆಳು ಕರೆತರುವ ಮೇಸ್ತ್ರಿಗೆ ಫೋನ್ ಹೋಗುತ್ತದೆ. ಮೇಸ್ತ್ರಿ ಅಸ್ಸಾಂ, ಜಾರ್ಖಂಡ್ ಕಡೆಯ ಇನ್ನೊಬ್ಬ ಮೇಸ್ತ್ರಿಗೆ ಮಾಡುತ್ತಾನೆ. ತಲೆಗಿಷ್ಟು ಅಂತ ದುಡ್ಡು ಕೈಬದಲಾಗುತ್ತದೆ. ಬಂದವರ ಹೆಸರು ತೋಟದ ಪುಸ್ತಕದಲ್ಲಿ ಇರಬಹುದು, ಇಲ್ಲದಿರಬಹುದು. ಏನಾದರೂ ಹೆಚ್ಚುಕಮ್ಮಿ ಆದಾಗ ತೋಟದ ಲೆಕ್ಕ ಬರೆಯುವ ರೈಟ್ರನ್ನು ಕೇಳಿ. ‘ಮೇಸ್ತ್ರಿ ಕರ್ಕೊಂಡ್ ಬಂದಿದ್ದು ಸಾರ್, ನಮ್ಗೆ ಗೊತ್ತಿಲ್ಲ.’

ಕಾನೂನು ಈ ಉತ್ತರವನ್ನು ಒಪ್ಪುವುದಿಲ್ಲ. ಸಂವಿಧಾನದ 23ನೇ ವಿಧಿ ಮನುಷ್ಯರ ಮಾರಾಟವನ್ನೂ ಬಿಟ್ಟಿ ಚಾಕರಿಯನ್ನೂ ಒಟ್ಟಿಗೇ ನಿಷೇಧಿಸಿದೆ. ಕನಿಷ್ಠ ಕೂಲಿಗಿಂತ ಕಮ್ಮಿ ಕೊಟ್ಟು ದುಡಿಸುವುದೂ ಬಲವಂತದ ದುಡಿಮೆಯೇ ಎಂದು ಸುಪ್ರೀಂ ಕೋರ್ಟ್ 1982ರಲ್ಲಿ, ದೆಹಲಿಯ ಏಷ್ಯನ್ ಕ್ರೀಡಾಕೂಟದ ಕಟ್ಟಡ ಕೂಲಿಗಳ ಪ್ರಕರಣದಲ್ಲಿ ಹೇಳಿತು. 1976ರ ಜೀತ ನಿರ್ಮೂಲನಾ ಕಾಯ್ದೆ ಜೀತದ ಸಾಲವನ್ನೇ ಅಳಿಸಿಹಾಕುತ್ತದೆ. ಇದು ಜೀತದ ಸಾಲ ಅಂತ ಕೂಲಿ ಹೇಳಿದರೆ ಸಾಕು, ಅಲ್ಲ ಅಂತ ಸಾಬೀತು ಮಾಡುವ ಹೊರೆ ಸಾಲ ಕೊಟ್ಟವನದು. ಮಾನವ ಕಳ್ಳಸಾಗಣೆ ಕುರಿತ ಭಾರತೀಯ ನ್ಯಾಯ ಸಂಹಿತೆಯ 143ನೇ ಸೆಕ್ಷನ್ ಇನ್ನೂ ಮುಂದೆ ಹೋಗುತ್ತದೆ. ಮೋಸ, ಬೆದರಿಕೆ, ದುಡ್ಡಿನ ಆಮಿಷ ಇದ್ದಲ್ಲಿ ‘ಅವಳೇ ಒಪ್ಪಿ ಬಂದಳು’ ಅನ್ನುವ ಮಾತಿಗೆ ಬೆಲೆ ಇಲ್ಲ. ಕಡಿಮೆ ಅಂದರೂ ಏಳು ವರ್ಷ ಜೈಲು.

ಹಾಗಾದರೆ ತೊಡಕು ಎಲ್ಲಿದೆ? ಬಿಡಿಸಿದ ಮರುದಿನ ಇದೆ. ಜೀತದಿಂದ ಹೊರಬಂದವರಿಗೆ ಬಿಡುಗಡೆ ಪತ್ರ ಅಂತ ಒಂದು ಸಿಗಬೇಕು. ಅದನ್ನು ಕೊಡುವವರು ಜಿಲ್ಲಾಧಿಕಾರಿ ಅಥವಾ ಉಪವಿಭಾಗಾಧಿಕಾರಿ. ಉಪವಿಭಾಗದ ಕಚೇರಿ ಹಾಸನ ಜಿಲ್ಲೆಯಲ್ಲಾದರೆ ಹಾಸನ, ಸಕಲೇಶಪುರ. ಚಿಕ್ಕಮಗಳೂರಿನಲ್ಲಾದರೆ ಚಿಕ್ಕಮಗಳೂರು, ತರೀಕೆರೆ. ಆ ಒಂದು ಹಾಳೆ ಇಲ್ಲದೆ ಕೇಂದ್ರದ ಪುನರ್ವಸತಿ ಯೋಜನೆಯ ಬಾಗಿಲೇ ತೆರೆಯುವುದಿಲ್ಲ. ತಕ್ಷಣಕ್ಕೆ 30 ಸಾವಿರ ರೂಪಾಯಿವರೆಗೆ ನೆರವು ಇದೆ. ಆಮೇಲೆ ಗಂಡಸಿಗೆ 1 ಲಕ್ಷ, ಹೆಂಗಸರಿಗೆ ಮತ್ತು ಮಕ್ಕಳಿಗೆ 2 ಲಕ್ಷ, ಲೈಂಗಿಕ ಶೋಷಣೆ, ಕಳ್ಳಸಾಗಣೆ ಇದ್ದರೆ 3 ಲಕ್ಷ. ಆದರೆ ದೊಡ್ಡ ಮೊತ್ತವನ್ನು ಪ್ರಕರಣದ ತೀರ್ಮಾನಕ್ಕೆ ಗಂಟು ಹಾಕಿದ್ದಾರೆ. ಕೇಸು ವರ್ಷಗಟ್ಟಲೆ ನಡೆಯುತ್ತದೆ. ಅಷ್ಟರಲ್ಲಿ ಅವಳು ತನ್ನ ಊರು ಸೇರಿರುತ್ತಾಳೆ, ಅಲ್ಲಿ ಹಳೆಯ ಸಾಲ ಹಾಗೇ ಇರುತ್ತದೆ, ಇನ್ನೊಬ್ಬ ಮೇಸ್ತ್ರಿ ಬಂದಿರುತ್ತಾನೆ. ಸಾಕ್ಷಿ ಹೇಳಲು ಇಲ್ಲಿಗೆ ಬರುವ ಬಸ್ ಚಾರ್ಜ್ ಅವಳ ಹತ್ತಿರ ಇರಬೇಕಲ್ವಾ?

ಪೇಪರಿನಲ್ಲಿ ದಾಳಿಯ ಫೋಟೋ ಬರುತ್ತದೆ. ಮುಂದಿನ ಸಾಲಿನಲ್ಲಿ ಅಧಿಕಾರಿಗಳು, ಹಿಂದೆ ಸೆರಗು ಮುಚ್ಚಿಕೊಂಡ ಹೆಂಗಸರು. ವೀರಗಲ್ಲಿನ ಕೆಳಗಿನ ಅಂತಸ್ತು ಅದೇ ಅಲ್ವಾ ಅಂತ ನನಗೆ ಅನಿಸುತ್ತದೆ. ಅಂದಮಾತ್ರಕ್ಕೆ ಅವಳ ಹೆಸರು ಹಾಕಿ ಅನ್ನುತ್ತಿಲ್ಲ. ಹೆಸರು ಬಯಲು ಮಾಡುವುದು ಅಪರಾಧ, ಅದು ಸರಿಯಾದ ಕಾನೂನೇ. 2024ರ ಏಪ್ರಿಲ್‌ನಲ್ಲಿ ಹಾಸನದಲ್ಲಿ ಹೆಂಗಸರ ವಿಡಿಯೋ ತುಂಬಿದ ಪೆನ್‌ಡ್ರೈವ್‌ಗಳು ಹರಿದಾಡಿದ್ದು ಮರೆಯುವಂಥದ್ದಲ್ಲ. ಅದು ಕಳ್ಳಸಾಗಣೆಯ ಪ್ರಕರಣ ಅಲ್ಲ, ಬೇರೆಯೇ. ಆದರೆ ಹೆಂಗಸರ ಮುಖ ಮರೆಸದೆ ಊರಿಗೆಲ್ಲ ಹಂಚಿದರು. ಎಷ್ಟೋ ಮನೆಗೆ ಬೀಗ ಬಿತ್ತು. ಕಿಮ್ ಹಾಕ್-ಸೂನ್ ತಮ್ಮ ಮುಖವನ್ನು ತಾವೇ ತೋರಿಸಿದರು, ಇವರ ಮುಖವನ್ನು ಇನ್ಯಾರೋ ತೋರಿಸಿದರು. ಆ ಅಜ್ಜಿಗೆ 46 ವರ್ಷ ಯಾಕೆ ಬೇಕಾಯಿತು ಅಂತ ಆ ಬೇಸಿಗೆಯಲ್ಲಿ ನನಗೆ ಅರ್ಥವಾಯಿತು.

ನಮ್ಮ ಬೀದಿಯಲ್ಲಿ, ಬಹಳ ವರ್ಷದ ಹಿಂದೆ, ಹತ್ತನೇ ಕ್ಲಾಸಿನ ಒಂದು ಹುಡುಗಿ ಕಾಣೆಯಾದಳು. ‘ಓಡಿಹೋದ್ಲು’ ಅಂತ ಎಲ್ಲರೂ ಅಂದರು. ನಾನೂ ಅಂದೆ. ಬೆಂಗಳೂರಿನಲ್ಲಿ ಗಾರ್ಮೆಂಟ್ಸ್ ಕೆಲಸ ಅಂತ ಅವಳ ಅಮ್ಮ ಹೇಳಿಕೊಂಡು ಓಡಾಡಿದರು. ಎಂಟು ತಿಂಗಳ ಮೇಲೆ ಅವಳು ವಾಪಸ್ ಬಂದಳು. ಕೂದಲು ಗಿಡ್ಡ ಕತ್ತರಿಸಿತ್ತು. ಬಾವಿಕಟ್ಟೆಗೂ ಬರುತ್ತಿರಲಿಲ್ಲ. ಎಲ್ಲಿದ್ದಳು ಅಂತ ಬೀದಿಯಲ್ಲಿ ಒಬ್ಬರೂ ಕೇಳಲಿಲ್ಲ, ಯಾಕಂದರೆ ಉತ್ತರವನ್ನು ನಾವು ಮೊದಲೇ ಕೊಟ್ಟುಕೊಂಡಿದ್ದೆವು. ‘ಓಡಿಹೋದ್ಲು’ ಅಂದಾಗ ವಾಕ್ಯದಲ್ಲಿ ಇರುವವಳು ಅವಳೊಬ್ಬಳೇ. ಕರೆದುಕೊಂಡು ಹೋದವನು ವಾಕ್ಯದಿಂದಲೇ ಮಾಯ. 2013ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ತಿರುಗಿಸಿ ಹಾಕಿತು. ಮಗು ಕಾಣೆಯಾದ ದೂರು ಬಂದರೆ ಅಪಹರಣ ಅಥವಾ ಕಳ್ಳಸಾಗಣೆ ಅಂತಲೇ ಎಣಿಸಿ ಎಫ್‌ಐಆರ್ ಹಾಕಬೇಕು ಅಂದಿತು. ಹದಿನೆಂಟರ ಕೆಳಗಿನವರೆಲ್ಲ ಮಕ್ಕಳೇ. ಠಾಣೆಯಲ್ಲಿ ‘ಎರಡು ದಿನ ನೋಡಿ, ಬರ್ತಾಳೆ’ ಅಂದರೆ ಈ ಆದೇಶವನ್ನು ನೆನಪಿಸಬಹುದು. ಮಕ್ಕಳಿಗೆ 1098, ಹೆಂಗಸರಿಗೆ 181, ತುರ್ತಿಗೆ 112.

ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಮತ್ತು ಜೊತೆಗಾರ ಸಂಸ್ಥೆಗಳ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ 2.76 ಕೋಟಿ ಜನ ಬಲವಂತದ ದುಡಿಮೆಯಲ್ಲಿದ್ದರು. ಅದರಲ್ಲಿ 63 ಲಕ್ಷ ಜನ ಲೈಂಗಿಕ ಶೋಷಣೆಯಲ್ಲಿ. ಸಿನಿಮಾದಲ್ಲಿ ತೋರಿಸುವ ಕಳ್ಳಸಾಗಣೆ ಈ ಎರಡನೇ ಸಂಖ್ಯೆ ಮಾತ್ರ. ಉಳಿದವರು ಹೊಲ, ಇಟ್ಟಿಗೆ ಗೂಡು, ಮನೆಗೆಲಸ, ಕಟ್ಟಡಗಳಲ್ಲಿ ಇದ್ದಾರೆ. ಈಗೀಗ ಡೇಟಾ ಎಂಟ್ರಿ ಕೆಲಸ ಅಂತ ನಂಬಿ ಹೋಗಿ ಮ್ಯಾನ್ಮಾರ್, ಕಾಂಬೋಡಿಯಾದ ಸೈಬರ್ ವಂಚನೆ ಕೇಂದ್ರಗಳಲ್ಲಿ ಸಿಕ್ಕಿಬೀಳುವ ಓದಿದ ಹುಡುಗರೂ ಇದ್ದಾರೆ. ಅದೇ ಬರ್ಮಾ, ಅದೇ ಹಗುರ ಕೆಲಸದ ಮಾತು.

ಸೋಲ್‌ನಲ್ಲಿ ಜಪಾನ್ ರಾಯಭಾರ ಕಚೇರಿಯ ಎದುರು 1992ರ ಜನವರಿಯಿಂದ ಬುಧವಾರ ಬುಧವಾರ ಜನ ಸೇರುತ್ತಿದ್ದಾರೆ. ಸಾವಿರನೇ ಬುಧವಾರ, 2011ರ ಡಿಸೆಂಬರ್ 14ರಂದು, ಅಲ್ಲಿ ಒಂದು ಕಂಚಿನ ಹುಡುಗಿಯನ್ನು ಕೂರಿಸಿದರು. ಬರಿಗಾಲು, ಹಿಮ್ಮಡಿ ನೆಲಕ್ಕೆ ತಾಗಿಲ್ಲ. ಊರಿಗೆ ಬಂದಮೇಲೂ ಕಾಲು ಊರಲಾಗದವಳು. ಮಡಿಲಲ್ಲಿ ಮುಷ್ಟಿ ಬಿಗಿಹಿಡಿದಿದ್ದಾಳೆ. ನೆಲದ ಮೇಲಿನ ಅವಳ ನೆರಳು ಮಾತ್ರ ಮುದುಕಿಯದ್ದು. ಪಕ್ಕದಲ್ಲಿ ಒಂದು ಖಾಲಿ ಕುರ್ಚಿ. ಯಾರು ಬೇಕಾದರೂ ಕೂರಲಿ ಅಂತ ಇಟ್ಟದ್ದು. ಬಿಡಿಸಿದ ವೀರ ಆ ಶಿಲ್ಪದಲ್ಲಿ ಎಲ್ಲೂ ಇಲ್ಲ.

ಹೋದ ಕೊಯ್ಲಿನ ಹೊತ್ತಿಗೆ ನಾನು ಅರಸೀಕೆರೆ ಸ್ಟೇಷನ್ನಿನಲ್ಲಿ ಬೆಳಿಗ್ಗೆ ರೈಲಿಗೆ ಕಾಯುತ್ತಿದ್ದೆ. ಇನ್ನೊಂದು ರೈಲಿನಿಂದ ಒಂದು ಗುಂಪು ಇಳಿಯಿತು. ಅಕ್ಕಿ ಚೀಲದಲ್ಲಿ ಬಟ್ಟೆ, ಪ್ಲಾಸ್ಟಿಕ್ ಬಕೆಟ್, ಕಂಕುಳಲ್ಲಿ ಕೂಸು. ಮೇಸ್ತ್ರಿ ಬೆರಳು ತೋರಿಸಿ ಎಣಿಸಿದ, ಮತ್ತೆ ಎಣಿಸಿದ, ಫೋನಿನಲ್ಲಿ ‘ಹದಿನಾಲ್ಕು’ ಅಂದ. ಟೀ ಅಂಗಡಿ ಪಕ್ಕ ನಿಂತಿದ್ದ ಹುಡುಗಿಯೊಬ್ಬಳು ಲೋಟ ಎತ್ತಿದಾಗ ತೋಳು ಸರಿಯಿತು. ಮುಂಗೈ ಒಳಭಾಗದಲ್ಲಿ ಬಾಲ್‌ಪೆನ್ನಿನಲ್ಲಿ ಹತ್ತು ಅಂಕಿ ಬರೆದುಕೊಂಡಿದ್ದಳು. ಎರಡು ದಿನದ ರೈಲಿನ ಬೆವರಿಗೆ ಕೊನೆಯ ಮೂರು ಅಂಕಿ ಅಳಿಸಿತ್ತು. ಅಂಗಡಿಯವನು ಕಿವಿಯ ಸಂದಿನಿಂದ ಪೆನ್ನು ತೆಗೆದು ಅವಳ ಕೈಗೆ ಕೊಟ್ಟ. ಅವಳು ಕಣ್ಣು ಮುಚ್ಚಿ, ತುಟಿ ಅಲ್ಲಾಡಿಸುತ್ತ ನೆನಪು ಮಾಡಿಕೊಂಡು, ಮತ್ತೆ ಬರೆದುಕೊಂಡಳು.